ಎಣಿಕೆಗೆ ಬಂದವರು, ಉತಾರಕ್ಕೆ ಬಾರದವರು

ರಾಯಬಾಗ ತಾಲೂಕಿನ ಅಲಖನೂರಿನಲ್ಲಿ ನಿಂತು ಯಾರನ್ನಾದರೂ ‘ನಿಮ್ಮ ಜಿಲ್ಲೆ ಯಾವುದ್ರಿ?’ ಎಂದು ಕೇಳಿ. ಬೆಳಗಾವಿ ಎನ್ನುತ್ತಾರೆ. ಸಾಲಿಗೆ ಹೋಗಿ ಗುರುಗಳನ್ನು ಕೇಳಿ. ಚಿಕ್ಕೋಡಿ ಎನ್ನುತ್ತಾರೆ. ಇಬ್ಬರದೂ ಖರೆ. ಕಂದಾಯ ಇಲಾಖೆಯ ಕಾಗದದಲ್ಲಿ ಬೆಳಗಾವಿ, ಶಿಕ್ಷಣ ಇಲಾಖೆಯ ಕಾಗದದಲ್ಲಿ ಚಿಕ್ಕೋಡಿ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಚಿಕ್ಕೋಡಿಯನ್ನು ಜಿಲ್ಲೆ ಎಂದು ಸಾರಿತು. ವಿರೋಧ ಎದ್ದ ಮೇಲೆ ಸಾರಿದ್ದನ್ನು ನುಂಗಿಕೊಂಡಿತು. ಅಂದಿನಿಂದ ಜಿಲ್ಲೆಯ ಬೇಡಿಕೆ ಚುನಾವಣೆಗೊಮ್ಮೆ ಏಳುತ್ತದೆ, ಚುನಾವಣೆ ಮುಗಿದ ಮೇಲೆ ಮಲಗುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಈ ಐದು ತಾಲೂಕುಗಳ ಸೀಮೆಗೆ ಒಂದು ಭೂಗೋಳವಿದೆ, ಒಂದು ಜನಸಂಖ್ಯೆ ಇದೆ. ಸಾಲಿಯಲ್ಲಿ ನಾವು ಓದಿದ ಭೂಗೋಳದ ಪಾಠ ಗಡಿ, ನದಿ, ಮಣ್ಣು, ಬೆಳೆ, ಜನಸಂಖ್ಯೆ ಎಂದು ಐದು ಮಾತಿನಲ್ಲಿ ಮುಗಿಯುತ್ತಿತ್ತು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಗಡಿ ಯಾರು ಕಾಯ್ದರು, ಆ ಮಣ್ಣು ಯಾರ ಹೆಸರಿಗಿದೆ, ಆ ಜನಸಂಖ್ಯೆಯಲ್ಲಿ ಯಾರು ಬರೇ ಅಂಕಿಯಾಗಿ ಉಳಿದರು ಎಂದು ಪಾಠ ಹೇಳಲಿಲ್ಲ. ಅದನ್ನು ಕೇಳುವುದಕ್ಕೆ ಈ ಬರಹ.

ಮೊದಲು ನೆಲವನ್ನೇ ನೋಡೋಣ. ಪಡುವಲಕ್ಕೆ ನಿಪ್ಪಾಣಿ, ಸಹ್ಯಾದ್ರಿಯ ಮಳೆಯ ಕೊನೆಯ ಸೆರಗು ಅಲ್ಲಿಯ ತನಕ ಬರುತ್ತದೆ. ವೇದಗಂಗೆ ದೂಧಗಂಗೆಗೆ ಕೂಡಿ, ದೂಧಗಂಗೆ ಚಿಕ್ಕೋಡಿ ತಾಲೂಕಿನಲ್ಲಿ ಕೃಷ್ಣೆಗೆ ಕೂಡುತ್ತದೆ. ಅಲ್ಲಿಂದ ಮೂಡಣಕ್ಕೆ ಸರಿದಂತೆ ಮಳೆ ಸಣ್ಣದಾಗುತ್ತದೆ. ಅಥಣಿಯ ಒಳನಾಡು ಮುಟ್ಟುವ ಹೊತ್ತಿಗೆ ಮೋಡ ಬರೇ ನೆರಳು ಕೊಟ್ಟು ಹೋಗುತ್ತದೆ. ನಡುವೆ ಕೃಷ್ಣೆ, ಅದರ ಎರಡೂ ದಂಡೆಗೆ ಎರಿಮಣ್ಣು. ದಂಡೆ ಬಿಟ್ಟು ಮೇಲೇರಿದರೆ ಕಲ್ಲು, ಮಸಾರಿ. ದಕ್ಷಿಣಕ್ಕೆ ಘಟಪ್ರಭೆ, ಅದರ ಎಡದಂಡೆ ಕಾಲುವೆ ರಾಯಬಾಗ ತಾಲೂಕಿನ ಹೊಲಗಳಿಗೆ ನೀರು ತಂದಿತು. ಹಿಡಕಲ್ ಅಣೆಕಟ್ಟು ಮುಗಿದದ್ದು 1977ರಲ್ಲಿ. ಜೋಳ, ಸಜ್ಜೆ, ಕಡಲೆ ಬೆಳೆಯುತ್ತಿದ್ದ ನೆಲ ಕಬ್ಬಿನ ನೆಲವಾಯಿತು. ಜೊತೆಗೆ ಗೋವಿನಜೋಳ, ಅರಿಷಿಣ, ಅಥಣಿಯ ಕಡೆ ದ್ರಾಕ್ಷಿ, ನಿಪ್ಪಾಣಿಯ ಕಡೆ ಬೀಡಿ ತಂಬಾಕು. ಮಿರಜದಿಂದ ಲೋಂಡಾಕ್ಕೆ ಹೋಗುವ ರೈಲು ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ ಮುಟ್ಟಿ ಸಾಗುತ್ತದೆ. ಉಗಾರದ ಸಕ್ಕರೆ ಕಂಪನಿ ಹುಟ್ಟಿದ್ದು 1939ರಲ್ಲಿ. ಅದರ ಬೆನ್ನಿಗೆ ಎಷ್ಟೋ ಕಾರಖಾನೆಗಳು ಬಂದವು.

ಇದು ನದಿಯ ಭೂಗೋಳ. ಇನ್ನು ಊರಿನ ಭೂಗೋಳ. ನಮ್ಮ ಹಳ್ಳಿಗಳಲ್ಲಿ ಗೌಡರ ವಾಡೆ, ಗುಡಿ, ಚಾವಡಿ ಎತ್ತರದಲ್ಲಿರುತ್ತವೆ. ಕೇರಿ ಊರ ಹೊರಗೆ, ತಗ್ಗಿನಲ್ಲಿ, ಊರ ನೀರು ಹರಿದು ಹೋಗುವ ದಿಕ್ಕಿಗೆ. ನೀರು ಮೇಲಿಂದ ಕೆಳಗೆ ಹರಿಯುತ್ತದೆ ಎಂದು ವಿಜ್ಞಾನದ ಪುಸ್ತಕ ಹೇಳುವ ಮೊದಲೇ ಕೇರಿಯ ಹುಡುಗರಿಗೆ ಅದು ಗೊತ್ತಿರುತ್ತದೆ. ಆದರೆ ಕುಡಿಯುವ ನೀರು ಮಾತ್ರ ಆ ನಿಯಮ ಪಾಲಿಸಲಿಲ್ಲ.

ಈಗ ಗಡಿಯ ಮಾತು. ಹಿಂದೆ ಎರಡು ಊರುಗಳ ನಡುವೆ ಸೀಮೆಯ ಜಗಳ ಬಂದರೆ ಗಡಿ ತೋರಿಸಲು ಯಾರನ್ನು ಕರೆಯುತ್ತಿದ್ದರು? ಗೌಡನನ್ನಲ್ಲ, ಕುಲಕರ್ಣಿಯನ್ನೂ ಅಲ್ಲ. ವತನದಾರ ಹೊಲೆಯನನ್ನು, ಮಹಾರನನ್ನು ಕರೆಯುತ್ತಿದ್ದರು. ಗಡಿಕಲ್ಲು ಎಲ್ಲಿ ಹೂತಿದೆ, ಹಳ್ಳ ಎಲ್ಲಿ ದಿಕ್ಕು ಬದಲಿಸಿತು, ಯಾವ ಬನ್ನಿಗಿಡದ ತನಕ ಈ ಊರು, ಯಾವ ದಿಬ್ಬದಿಂದ ಆ ಊರು ಎಂದು ಅವನಿಗೆ ಬಾಯಿಪಾಠ. ಅವನ ಮಾತೇ ಸಾಕ್ಷಿ. ಈ ದೇಶದ ಹಳ್ಳಿಗಳಲ್ಲಿ ಭೂಗೋಳದ ಮೊದಲ ಮಾಸ್ತರ ನಮ್ಮ ಮುತ್ತ್ಯಾನೇ. ಊರಿನ ಇಂಚಿಂಚು ನೆಲ ಬಲ್ಲವನಿಗೆ ಆ ನೆಲದಲ್ಲಿ ಕೂರಲು ಜಾಗವಿರಲಿಲ್ಲ ಎಂಬುದೇ ನಮ್ಮ ಚರಿತ್ರೆ.

ಅವನಿಗೆ ವತನದ ಹೊಲ ಎಂದು ತುಂಡು ಭೂಮಿ ಇತ್ತು ನಿಜ. ಆ ತುಂಡಿಗಾಗಿ ಅವನ ಇಡೀ ಮನೆತನ ಸರ್ಕಾರಕ್ಕೂ ಊರಿಗೂ ಹಗಲು ರಾತ್ರಿ ಚಾಕರಿ ಮಾಡಬೇಕಿತ್ತು. ಕಂದಾಯದ ಗಂಟು ಹೊರಬೇಕು, ಸಾಹೇಬರ ಸಾಮಾನು ಹೊರಬೇಕು, ಜನರನ್ನು ಚಾವಡಿಗೆ ಕರೆತರಬೇಕು, ಸಾವಿನ ಸುದ್ದಿ ಒಯ್ಯಬೇಕು, ಸತ್ತ ದನ ಎಳೆಯಬೇಕು. ಮುಂಬಯಿ ಪ್ರಾಂತದಲ್ಲಿ 1874ರ ವಂಶಪಾರಂಪರ್ಯ ಅಧಿಕಾರಗಳ ಕಾನೂನು ಈ ವತನದ ವ್ಯವಸ್ಥೆಗೆ ಸರ್ಕಾರದ ಮೊಹರು ಒತ್ತಿತು. ಮನು ಬರೆದದ್ದಕ್ಕೆ ಬ್ರಿಟಿಷರು ಸಹಿ ಹಾಕಿದಂತಾಯಿತು.

ಇಲ್ಲಿ ನಮ್ಮ ಸೀಮೆಯ ಒಂದು ವಿಚಿತ್ರ ಸಂಗತಿಯನ್ನು ಗಮನಿಸಬೇಕು. ಇಂದು ಒಂದೇ ಎಂದು ಕಾಣುವ ಈ ತಾಲೂಕುಗಳು 1949ರ ತನಕ ಒಂದಾಗಿರಲಿಲ್ಲ. ಚಿಕ್ಕೋಡಿ, ಅಥಣಿ ಬ್ರಿಟಿಷರ ಮುಂಬಯಿ ಪ್ರಾಂತದ ತಾಲೂಕುಗಳು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. ಸುತ್ತ ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿ ಎಂದು ಪಟವರ್ಧನರ ಸಂಸ್ಥಾನಗಳ ತುಂಡುಗಳು. ಒಂದು ಹಳ್ಳಿಯಿಂದ ಮುಂದಿನ ಹಳ್ಳಿಗೆ ಹೋದರೆ ರಾಜ ಬದಲಾಗುತ್ತಿದ್ದ. ರಾಜ ಬದಲಾದರೆ ನಮಗೇನು ಎಂದು ನಮ್ಮವರು ಹೇಳುವುದುಂಟು. ಆದರೆ ಒಂದು ಸಲ ಮಾತ್ರ ಬಹಳ ಆಯಿತು.

ಕೊಲ್ಹಾಪುರದ ಶಾಹೂ ಮಹಾರಾಜರು 1902ರಲ್ಲಿಯೇ ನೌಕರಿಯಲ್ಲಿ ನೂರಕ್ಕೆ ಐವತ್ತು ಜಾಗ ಹಿಂದುಳಿದವರಿಗೆ ಎಂದು ಆಜ್ಞೆ ಹೊರಡಿಸಿದರು. 1917ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವೂ ಬಿಟ್ಟಿಯೂ ಆಯಿತು. 1918ರಲ್ಲಿ ಮಹಾರ ವತನ ರದ್ದಾಯಿತು. ಹೊಲಗಳನ್ನು ರಯತರ ಹೊಲಗಳಂತೆ ಹಿಡಿದವರ ಹೆಸರಿಗೆ ಮಾಡಿ, ಚಾಕರಿಯ ಕೊರಳಹಗ್ಗ ಹರಿದರು. ಅದೇ ವರ್ಷ ಮಹಾರ, ಮಾಂಗ, ಬೇರಡ, ರಾಮೋಶಿಗಳ ‘ಹಾಜರಿ’ಯನ್ನೂ ನಿಲ್ಲಿಸಿದರು. ಹಾಜರಿ ಎಂದರೇನು? ಕಳ್ಳರೆಂದು ಹೆಸರಿಟ್ಟ ಜಾತಿಯ ಜನ ದಿನಾಲೂ ಅಧಿಕಾರಿಯ ಮುಂದೆ ನಿಂತು ತಲೆ ಎಣಿಸಿಕೊಳ್ಳುವುದು. ಜನಸಂಖ್ಯೆಯ ಲೆಕ್ಕದಲ್ಲಿ ನಮ್ಮನ್ನು ಎಣಿಸಿದ್ದಕ್ಕಿಂತ ಹೆಚ್ಚು ಸಲ ಹೀಗೆ ಎಣಿಸಿದ್ದಾರೆ. ದೇಶದ ಉಳಿದ ಭಾಗಗಳಲ್ಲಿ ಅಪರಾಧಿ ಬುಡಕಟ್ಟುಗಳ ಕಾನೂನು ಪೂರ್ತಿ ಹೋಗಲು 1952 ಬರಬೇಕಾಯಿತು.

1920ರ ಮಾರ್ಚ್ 21, 22ರಂದು ಕಾಗಲ್ ಜಹಾಗೀರಿನ ಮಾಣಗಾವಿಯಲ್ಲಿ ಅಸ್ಪೃಶ್ಯರ ಪರಿಷತ್ತು ಕೂಡಿತು. ಇಪ್ಪತ್ತೆಂಟು ವಯಸ್ಸಿನ ಅಂಬೇಡ್ಕರರು ಅಧ್ಯಕ್ಷರು. ಶಾಹೂ ಮಹಾರಾಜರು ಅಲ್ಲಿಗೆ ಬಂದು, ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಎಂದು ಜನರಿಗೆ ಸಾರಿದರು. ಐದು ವರ್ಷದ ನಂತರ, 1925ರ ಏಪ್ರಿಲ್‌ನಲ್ಲಿ, ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ನಮ್ಮದೇ ನಿಪ್ಪಾಣಿಯಲ್ಲಿ ನಡೆಯಿತು. ಅದಕ್ಕೂ ಬಾಬಾಸಾಹೇಬರೇ ಅಧ್ಯಕ್ಷರು. ತಂಬಾಕಿನ ಪೇಟೆ ಎಂದು ನಮ್ಮ ಪಾಠದಲ್ಲಿ ಹೆಸರು ಪಡೆದ ಊರಿಗೆ ಈ ಹೆಸರೂ ಇದೆ. ಮಕ್ಕಳಿಗೆ ಅದನ್ನು ಯಾಕೆ ಹೇಳುವುದಿಲ್ಲ?

ಕೊಲ್ಹಾಪುರದ ಸೀಮೆಯಲ್ಲಿ ಹೋದ ವತನ, ಪಕ್ಕದ ಬ್ರಿಟಿಷ್ ತಾಲೂಕಿನಲ್ಲಿ ಹೋಗಲಿಲ್ಲ. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಮಹಾರ ವತನದ ತಿದ್ದುಪಡಿ ಮಸೂದೆ ತಂದರು. ಈ ತುಂಡು ಹೊಲವೇ ನಮ್ಮ ಜನರನ್ನು ಗುಲಾಮರನ್ನಾಗಿ ಇಟ್ಟಿದೆ ಎಂದು ವಾದಿಸಿದರು. ಸಭೆ ಅದನ್ನು ಹಿಂಡಿ ಹಿಪ್ಪೆ ಮಾಡಿತು. 1929ರಲ್ಲಿ ಮಸೂದೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಕೊಲ್ಹಾಪುರ ಮುಂಬಯಿಯಲ್ಲಿ ವಿಲೀನವಾಗಿ ರಾಯಬಾಗ ಬೆಳಗಾವಿ ಜಿಲ್ಲೆಗೆ ಬಂದದ್ದು 1949ರಲ್ಲಿ. ಚಂದಗಡ ಬಿಟ್ಟು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಗ್ರಾಮ ಹುದ್ದೆಗಳ ರದ್ದಿಯಾತಿ ಕಾನೂನು 1961ರದು; ಅದು ಜಾರಿಗೆ ಬಂದದ್ದು 1963ರ ಫೆಬ್ರುವರಿ 1ರಂದು. ಲೆಕ್ಕ ಹಾಕಿ ನೋಡಿ. 1918 ಎಲ್ಲಿ, 1963 ಎಲ್ಲಿ? ನಡುವೆ ನಲವತ್ತೈದು ವರ್ಷ. ಒಂದೇ ಎರಿಮಣ್ಣು, ಒಂದೇ ನದಿ, ಒಂದೇ ಜಾತಿ. ನಡುವಿನ ಒಂದು ಗೆರೆಯಿಂದಾಗಿ ಆ ಕಡೆಯವನ ಎರಡು ತಲೆಮಾರು ಹೆಚ್ಚು ಬಿಟ್ಟಿ ದುಡಿಯಿತು. ಗಡಿ ಎಂದರೆ ಇದು.

ನಮ್ಮ ಆಯಿಯ ತವರು ಅಥಣಿ ತಾಲೂಕು, ಕೊಟ್ಟ ಮನೆ ರಾಯಬಾಗ ಸೀಮೆ. ಲಗ್ನವಾಗಿ ಕೃಷ್ಣೆ ದಾಟಿ ಬಂದವಳು ಅವಳು. ಕೇಳಿದರೆ ಹೇಳುತ್ತಾಳೆ: “ನಮ್ಮಪ್ಪ ಮುಂಜಾನೆದ್ದ ಕೂಡ್ಲೆ ಚಾವಡಿ ಮುಂದ ನಿಂದರತಿದ್ದ. ಹೊಲ ನಮ್ದು ಅಂತಿದ್ರು, ಆದ್ರ ಆ ಹೊಲದಾಗ ಹೋಗಿ ದುಡ್ಯಾಕ ಯಾವಾಗ ಬಿಡತಿದ್ರು? ಇಲ್ಲಿ ಬಂದ ಮ್ಯಾಲ ನಮ್ಮ ಮಾವನ್ನ ಯಾರೂ ಹಂಗ ಕರ್ಯಾಕ ಬರತಿದ್ದಿಲ್ಲ. ಆದ್ರ ಬಾವಿ? ಅಲ್ಲೀನೂ ಮುಟ್ಟಗೊಡತಿದ್ದಿಲ್ಲ, ಇಲ್ಲೀನೂ ಮುಟ್ಟಗೊಡತಿದ್ದಿಲ್ಲ.” ಸಾಲಿ ಕಾಣದ ಆಯಿ ಕಾನೂನಿನ ಬಲವನ್ನೂ ಅದರ ಮಿತಿಯನ್ನೂ ನಾಲ್ಕು ಮಾತಿನಲ್ಲಿ ಹೇಳಿದಳು. ರಾಜನ ಆಜ್ಞೆ ಚಾವಡಿಯ ತನಕ ಬಂತು. ಬಾವಿಕಟ್ಟೆಯ ತನಕ ಬರಲಿಲ್ಲ.

1963ರ ನಂತರ ಏನಾಯಿತು? ವತನದ ಹೊಲ ಸರ್ಕಾರಕ್ಕೆ ಸೇರಿ, ಹಣ ತುಂಬಿದ ವತನದಾರನಿಗೆ ಮರಳಿ ಮಂಜೂರಾಗುತ್ತಿತ್ತು. ಆದರೆ ಮಾರಬಾರದು ಎಂಬ ಬೇಲಿ ಆಗ ಗಟ್ಟಿ ಇರಲಿಲ್ಲ. ಹದಿನೈದು ವರ್ಷ ಪರಭಾರೆ ಮಾಡಬಾರದು ಎಂಬ ತಿದ್ದುಪಡಿ ಬಂದದ್ದು 1978ರಲ್ಲಿ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನು ಪರರ ಪಾಲಾಗದಂತೆ ಬೇರೊಂದು ಕಾನೂನೂ ಬಂದದ್ದು ಅದೇ ಇಸವಿಯಲ್ಲೇ. ನಡುವಿನ ಹದಿನೈದು ವರ್ಷದಲ್ಲಿ 1972ರ ಬರಗಾಲ ಬಂತು. ಆಯಿಯ ತವರಿನ ಹೊಲ ಹೋದದ್ದು ಆ ಬರದಲ್ಲಿ, ಜೋಳದ ಚೀಲಕ್ಕೆ. ಉತಾರ ತೆಗೆಸಿ ನೋಡಿದರೆ ಮೂರು ಸಾಲಿನಲ್ಲಿ ನಮ್ಮ ಮನೆತನದ ಚರಿತ್ರೆ ಇದೆ. ಮೊದಲು ವತನ, ಆಮೇಲೆ ಮುತ್ತ್ಯಾನ ಹೆಸರು, ಆಮೇಲೆ ಬೇರೆಯವರ ಹೆಸರು. ಇಂಥ ಉತಾರ ನಮ್ಮ ಮನೆಯದೊಂದೇ ಅಲ್ಲ. ಓದುವ ನಿಮ್ಮ ಮನೆಯ ಟ್ರಂಕಿನಲ್ಲೂ ಒಂದು ಇದ್ದೀತು, ತೆಗೆದು ನೋಡಿ.

ಉಳುವವನೇ ಒಡೆಯ ಎಂದು 1974ರಲ್ಲಿ ಭೂಸುಧಾರಣೆ ಬಂದಾಗ ಗೇಣಿ ಮಾಡುತ್ತಿದ್ದವನಿಗೆ ಹೊಲ ಸಿಕ್ಕಿತು. ನಮ್ಮವರು ಬಹುಪಾಲು ಗೇಣಿದಾರರಲ್ಲ, ಕೂಲಿಗಳು. ನೇಗಿಲು ಹಿಡಿದವನು ನಮ್ಮವನೇ, ಆದರೆ ಅವನು ಉಳುತ್ತಾನೆಂದು ಬರೆದ ಕಾಗದ ಎಲ್ಲೂ ಇರಲಿಲ್ಲ. ಕಾಗದ ಇಲ್ಲದವನು ಉಳಲೇ ಇಲ್ಲ ಎಂದಾಯಿತು.

ಇನ್ನು ಜನಸಂಖ್ಯೆಗೆ ಬರೋಣ. ಬೆಳಗಾವಿ ಜಿಲ್ಲೆಯಲ್ಲಿ 1872ರಲ್ಲಿ ಒಂಬತ್ತು ಲಕ್ಷಕ್ಕೂ ಮೀರಿದ ಜನರಿದ್ದರು. 1881ರಲ್ಲಿ ಎಣಿಸಿದಾಗ ಅದು ಎಂಟು ಲಕ್ಷ ಅರವತ್ತೈದು ಸಾವಿರದ ಆಸುಪಾಸಿಗೆ ಇಳಿದಿತ್ತು. ನಡುವೆ 1876–78ರ ಬರ ಬಂದು ಹೋಗಿತ್ತು. 1891ರಲ್ಲಿ ಹತ್ತು ಲಕ್ಷ ದಾಟಿದ್ದು, 1901ರಲ್ಲಿ ಮತ್ತೆ 9,93,976ಕ್ಕೆ ಇಳಿಯಿತು. ಆ ಹತ್ತು ವರ್ಷದಲ್ಲಿ ಪ್ಲೇಗು, ಮತ್ತೆ ಬರ. ಪುಸ್ತಕದಲ್ಲಿ ಇದು ಬರೇ ಏರಿಳಿತ. ಆದರೆ ಬರ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಹಗೇವು ತುಂಬಿದವನು ಮಳೆಯ ದಾರಿ ಕಾಯುತ್ತಾನೆ, ಸಂಜೆಯ ಕೂಲಿಯಿಂದ ಸಂಜೆಯ ರೊಟ್ಟಿ ಕಾಣುವವನು ದಾರಿಯಲ್ಲೇ ಬೀಳುತ್ತಾನೆ. ಇಳಿದ ಅಂಕಿಯೊಳಗೆ ಯಾರ ಮನೆಗಳಿದ್ದವು ಎಂದು ಊಹಿಸಲು ದೊಡ್ಡ ಪಂಡಿತನಾಗಬೇಕಿಲ್ಲ.

2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47,79,661. ನಾಲ್ಕು ಪಾಲಿನಲ್ಲಿ ಸುಮಾರು ಮೂರು ಪಾಲು ಹಳ್ಳಿಯಲ್ಲಿ. ನೂರಕ್ಕೆ ಹನ್ನೆರಡು ಪರಿಶಿಷ್ಟ ಜಾತಿಯವರು, ಆರು ಪರಿಶಿಷ್ಟ ಪಂಗಡದವರು. ಇಡೀ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ ಹದಿನೇಳು. ಹಾಗಾದರೆ ನಮ್ಮ ಜಿಲ್ಲೆಯಲ್ಲಿ ದಲಿತರು ಕಡಿಮೆಯೇ? ಹೌದು, ಅಂಕಿಯಲ್ಲಿ ಕಡಿಮೆ. ಆದರೆ ಅಂಕಿ ಹೇಗೆ ಆಗುತ್ತದೆ ಎಂದೂ ತಿಳಿಯಬೇಕು.

ಪರಿಶಿಷ್ಟರ ಯಾದಿ 1976ರ ತಿದ್ದುಪಡಿಯ ತನಕ ರಾಜ್ಯಕ್ಕೆಲ್ಲ ಒಂದೇ ಆಗಿರಲಿಲ್ಲ. ಮುಂಬಯಿ ಕರ್ನಾಟಕಕ್ಕೆ ಒಂದು, ಹಳೆ ಮೈಸೂರಿಗೆ ಒಂದು, ಸೀಮೆಗೊಂದು ಯಾದಿ. ಜಿಲ್ಲೆಯ ಗೆರೆ ದಾಟಿದರೆ ಮುಟ್ಟಿಸಿಕೊಳ್ಳದವನು ಅಲ್ಲಿಯೂ ಮುಟ್ಟಿಸಿಕೊಳ್ಳದವನೇ. ಕಾಗದದಲ್ಲಿ ಮಾತ್ರ ಬೇರೆಯವನಾಗಬಹುದಿತ್ತು. ಇನ್ನೊಂದು, 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೌದ್ಧರಾದ ಮೇಲೆ ಅವರ ದಾರಿ ಹಿಡಿದವರು ಜನಗಣತಿಯಲ್ಲಿ ‘ಬೌದ್ಧ’ ಎಂದು ಬರೆಸಿದರೆ ಪರಿಶಿಷ್ಟರ ಲೆಕ್ಕದಿಂದ ಹೊರಗೆ ಬೀಳುತ್ತಿದ್ದರು. 1990ರಲ್ಲಿ ತಿದ್ದುಪಡಿಯಾಗುವ ತನಕ ಹಾಗೇ ನಡೆಯಿತು. ಮನುಷ್ಯನಾಗಲು ಹೊರಟವನಿಗೆ ವಿದ್ಯಾರ್ಥಿವೇತನ ಬೇಕಾದರೆ ಹಳೆಯ ಧರ್ಮಕ್ಕೆ ಮರಳಿ ಬಾ ಎಂದು ಮೂವತ್ತಕ್ಕೂ ಹೆಚ್ಚು ವರ್ಷ ಹೇಳಿದ ಲೆಕ್ಕ ಇದು.

ಹೆಣ್ಣುಮಕ್ಕಳ ಖಾನೆ ನೋಡಿ. ಮದುವೆಯಾದವಳು, ಆಗದವಳು, ವಿಧವೆ, ಬಿಟ್ಟವಳು. ಎಲ್ಲವ್ವನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವಳು ಯಾವ ಖಾನೆಯಲ್ಲಿ ಬರಬೇಕು? ಅಥಣಿ, ರಾಯಬಾಗದ ಕೇರಿಗಳಿಗೆ ಈ ಪ್ರಶ್ನೆ ಹೊಸದಲ್ಲ. ದೇವದಾಸಿ ಬಿಡುವುದನ್ನು ನಿಷೇಧಿಸಿದ ರಾಜ್ಯದ ಕಾನೂನು 1982ರದು. ಸರ್ಕಾರ 1993–94ರಲ್ಲಿ, 2007–08ರಲ್ಲಿ ಅವರನ್ನು ಬೇರೆಯಾಗಿ ಎಣಿಸಿತು. ಎಣಿಸಬೇಕಾಗಿ ಬಂತು ಎಂಬುದೇ ಆ ಕಾನೂನು ಎಷ್ಟು ನಡೆಯಿತು ಎಂಬುದಕ್ಕೆ ಉತ್ತರ.

ಗಡಿ ವಿವಾದದಲ್ಲೂ ನಮ್ಮನ್ನು ಎಣಿಸಿದರು. 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತು. ಎರಡೂ ಕಡೆಯವರು ಇಷ್ಟು ಮಂದಿ ಕನ್ನಡದವರು, ಇಷ್ಟು ಮಂದಿ ಮರಾಠಿಯವರು ಎಂದು ತಲೆ ಎಣಿಸಿದರು. ನಮ್ಮ ಕೇರಿಗಳಿಗೆ ಎರಡೂ ಭಾಷೆ ಬರುತ್ತದೆ, ಎರಡೂ ಭಾಷೆಯಲ್ಲಿ ‘ದೂರ ನಿಲ್ಲು’ ಎಂದು ಕೇಳಿಸಿಕೊಂಡವರು ನಾವು. ನುಡಿಯ ಅಭಿಮಾನ ಇರಲಿ, ಬೇಡವೆನ್ನುವುದಿಲ್ಲ. ಈ ಬರಹವೂ ಕನ್ನಡವೇ. ಆದರೆ ತಲೆ ಎಣಿಸುವಾಗ ನಮ್ಮವರು ಎಂದವರು ಬಾವಿಯ ಹತ್ತಿರ ಯಾಕೆ ಹಾಗೆನ್ನಲಿಲ್ಲ?

ತಲೆ ಎಣಿಸಿದ್ದರಿಂದ ಏನೂ ಸಿಗಲಿಲ್ಲವೇ? ಸಿಕ್ಕಿತು. ಚಿಕ್ಕೋಡಿ ಲೋಕಸಭೆ ಮೀಸಲು ಕ್ಷೇತ್ರವಾಗಿತ್ತು. ಬಿ. ಶಂಕರಾನಂದ ಅವರು 1967ರಿಂದ 1991ರವರೆಗೆ ಏಳು ಸಲ ಅಲ್ಲಿಂದ ಗೆದ್ದರು, ಕೇಂದ್ರದಲ್ಲಿ ಮಂತ್ರಿಯಾದರು. 2008ರ ಕ್ಷೇತ್ರ ವಿಂಗಡಣೆಯಲ್ಲಿ ಆ ಮೀಸಲಾತಿ ಹೋಯಿತು. ವಿಧಾನಸಭೆಗೆ ರಾಯಬಾಗ, ಕುಡಚಿ ಮೀಸಲು ಕ್ಷೇತ್ರಗಳಾಗಿವೆ. ಬಾಬಾಸಾಹೇಬರು ಕೊಡಿಸಿದ ಈ ಹಕ್ಕನ್ನು ಹಗುರ ಮಾಡಿ ಮಾತಾಡುವವನು ಮೂರ್ಖ. ಆದರೆ ಕುರ್ಚಿ ಬಂದಷ್ಟು ಬೇಗ ಹೊಲ ಬರಲಿಲ್ಲ. ಹೊಲ ಇಲ್ಲದವನ ಮತ ಹೊಲ ಇದ್ದವನ ಅಂಗಳದಲ್ಲಿ ಕಾಯುತ್ತ ಕೂತಿತು.

ಈ ನೆಲದ ಸಂಪತ್ತು ಯಾರ ಕೈಯಿಂದ ಹುಟ್ಟುತ್ತದೆ? ನಿಪ್ಪಾಣಿಯ ತಂಬಾಕಿಗೆ ಸರಿಯಾದ ದರ ಬೇಕೆಂದು ರೈತರು 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ರಸ್ತೆಗಿಳಿದರು. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ ಹನ್ನೆರಡು ಮಂದಿ ಸತ್ತರು. ಆ ಸಾವು ನಮ್ಮದೂ ಹೌದು. ಆದರೆ ವಖಾರಿಗಳಲ್ಲಿ ತಂಬಾಕಿನ ಧೂಳು ಕುಡಿದು ಕೆಮ್ಮುವ ಹೆಣ್ಣುಮಕ್ಕಳ ಕೂಲಿ ಪಾಠದಲ್ಲೂ ಇಲ್ಲ, ಪೇಟೆಯ ದರದಲ್ಲೂ ಇಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ ಹಕ್ಕು ಅದು, ಬೆಳಗಾವಿಯೂ ಅದರಲ್ಲಿದೆ. ಅಥಣಿ, ನಿಪ್ಪಾಣಿಯ ಸಮಗಾರರು, ತೊಗಲು ಹದ ಮಾಡುವ ಢೋರರು ತಲೆಮಾರುಗಳಿಂದ ಮಾಡಿದ ಕೆಲಸ. ನೋಡಿ, ಚಪ್ಪಲಿಗೂ ಒಂದು ಭೂಗೋಳ ಸಿಕ್ಕಿತು. ಹೊಲಿದ ಕೈಗೆ ಇನ್ನೂ ಸಿಗಬೇಕು.

ಕೊನೆಗೆ ಕಬ್ಬು. ಕಬ್ಬು ಕಡಿಯುವ ಹಂಗಾಮು ದೀಪಾವಳಿಯ ಆಸುಪಾಸಿಗೆ ಶುರುವಾಗಿ ಮಾರ್ಚ್ ತನಕ ನಡೆಯುತ್ತದೆ. ಮುಂಗಡ ತಗೊಂಡ ಗಂಡ ಹೆಂಡತಿ ಕೂಸು ಕಟ್ಟಿಕೊಂಡು ಗ್ಯಾಂಗಿನ ಜೊತೆ ಹೊರಡುತ್ತಾರೆ. ಹೊರಗಿನಿಂದ ಇಲ್ಲಿಗೆ ಬರುವವರೂ ಇದ್ದಾರೆ, ಇಲ್ಲಿಂದ ಹೊರಗೆ ಹೋಗುವವರೂ ಇದ್ದಾರೆ. 2011ರ ಜನಗಣತಿ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ನಡು ಹಂಗಾಮು! ಮನೆಗೆ ಕೀಲಿ, ಜನ ಕಬ್ಬಿನ ಪಡದಲ್ಲಿ. ಮನೆ ಇಲ್ಲದವರನ್ನು ಎಣಿಸಲು ಇಟ್ಟದ್ದು ಫೆಬ್ರುವರಿ 28ರ ಒಂದು ರಾತ್ರಿ. ರವದಿಯ ಗುಡಿಸಲಿಗೆ ಆ ಹೊತ್ತಿನಲ್ಲಿ ಲಾಟೀನು ಹಿಡಿದು ಹೋದವರು ಎಷ್ಟು ಮಂದಿ?

2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. 2027ರ ಮಾರ್ಚ್ 1ನ್ನು ಲೆಕ್ಕದ ದಿನವಾಗಿ ಇಟ್ಟುಕೊಂಡು ಎಣಿಸುವುದಾಗಿ 2025ರ ಜೂನ್‌ನಲ್ಲಿ ಅಧಿಸೂಚನೆ ಬಂತು. ಎಲ್ಲ ಜಾತಿಗಳನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರ ಹೇಳಿತು. 1931ರ ನಂತರ ಇಂಥ ಎಣಿಕೆ ಮೊದಲ ಸಲ. ಮಾರ್ಚ್ 1 ಎಂದರೆ ಮತ್ತೆ ಅದೇ ಕಬ್ಬಿನ ಹಂಗಾಮು.

ಜನಗಣತಿಯ ಕಾಗದ ಹಿಡಿದು ಮನೆ ಮನೆಗೆ ಹೋಗುವವರು ಯಾರು? ಬಹುಪಾಲು ಸಾಲಿಯ ಗುರುಗಳೇ. ಅದಕ್ಕೇ ಗುರುಗಳೇ, ಈ ಮಾತು ನಿಮಗೆ. ಕೇರಿಗೆ ಬರ್ರಿ. ಚಾವಡಿಯಲ್ಲಿ ಕೂತು ಊರವರು ಹೇಳಿದಂತೆ ಕೇರಿಯನ್ನು ತುಂಬಬೇಡಿ. ಅಂಗಳದಲ್ಲಿ ನಿಂತು ಬರೆಯಬೇಡಿ, ಒಳಗೆ ಬಂದು ಕೂಡ್ರಿ, ನೀರು ಕೇಳಿ ಕುಡೀರಿ. ಕೀಲಿ ಹಾಕಿದ ಮನೆಯವರು ಯಾವ ಕಾರಖಾನೆಯ ಪಡದಲ್ಲಿದ್ದಾರೆಂದು ಪಕ್ಕದವರನ್ನು ಕೇಳಿ, ಅವರು ಅಲ್ಲಿ ಎಣಿಕೆಗೆ ಬಂದರೋ ಇಲ್ಲವೋ ವಿಚಾರಿಸಿ. ವಿದ್ಯಾರ್ಥಿ ಗೆಳೆಯರೇ, ನಿಮಗೆ ಇನ್ನೊಂದು ಕೆಲಸ. ಸರ್ಕಾರದ ಕಾಗದದಲ್ಲಿ ಇಲ್ಲದ ಖಾನೆಗಳನ್ನು ನಿಮ್ಮ ನೋಟುಬುಕ್ಕಿನಲ್ಲಿ ಗೆರೆ ಹಾಕಿ ಮಾಡಿಕೊಳ್ಳಿ. ವತನದ ಹೊಲ ಎಷ್ಟಿತ್ತು, ಯಾವ ಇಸವಿಯಲ್ಲಿ ಹೋಯಿತು, ಯಾರಿಗೆ ಹೋಯಿತು? ಕಾಲುವೆ ಯಾರ ಹೊಲದ ತನಕ ಬಂದು ನಿಂತಿತು? ಕೇರಿಯ ನಳಕ್ಕೆ ವಾರಕ್ಕೆ ಎಷ್ಟು ದಿನ ನೀರು? ಮುದುಕರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಅವರು ಹೋದರೆ ಆ ದಫ್ತರ ಸುಟ್ಟಂತೆ.

ಚಿಕ್ಕೋಡಿ ನಾಳೆ ಜಿಲ್ಲೆ ಆಗಲಿ. ನೂರು ಕಿಲೋಮೀಟರಿಗೂ ಮೀರಿ ಬೆಳಗಾವಿಗೆ ಅಲೆಯುವ ಅಥಣಿಯ ಬಡವನಿಗೆ ಬಸ್ಸಿನ ಖರ್ಚಾದರೂ ಉಳಿಯುತ್ತದೆ. ಹೊಸ ಜಿಲ್ಲೆಗೆ ಹೊಸ ನಕಾಶೆ ಬೇಕಾಗುತ್ತದೆ, ಮಕ್ಕಳಿಗೆ ಹೊಸ ಪಾಠ ಬರೆಯುತ್ತಾರೆ. ಆಗ ಗಡಿಕಲ್ಲು ತೋರಿಸಲು ಮತ್ತೆ ನಮ್ಮನ್ನು ಕರೆಯಬೇಕಾಗಿಲ್ಲ, ಸರ್ವೇಯ ಯಂತ್ರಗಳಿವೆ. ಆದರೆ ಆ ಗಡಿಯೊಳಗೆ ನಮ್ಮ ಹೊಲ ಯಾವುದು ಎಂದು ಕೇಳಲು ನಾವೇ ಹೋಗಬೇಕು, ಕೈಯಲ್ಲಿ ಉತಾರ ಹಿಡಿದುಕೊಂಡು.